ಆನೆ ಪೈಸೆ ನಕಲಿ ಎಂದು ಹತ್ತು ಜನರ ಮುಂದೆ ಬರೆದೆ, ತಪ್ಪು ನನ್ನದಾಗಿತ್ತು

ಮೈಲಿಕಾಸು (ಮೈಸೂರು) – ಭಾನುವಾರ ರಾತ್ರಿ 9:40

ಮೂರು ವಾರದಿಂದ ಬರೆಯಬೇಕು ಎಂದುಕೊಂಡು ಮುಂದೂಡುತ್ತಲೇ ಬಂದ ಮಾತಿದು. ನಿಮ್ಮಲ್ಲಿ ಕೆಲವರಿಗೆ ಅರ್ಧ ಗೊತ್ತಿದೆ. ಆ ಅರ್ಧವೇ ತಪ್ಪಾಗಿರುವುದರಿಂದ ಪೂರ್ತಿ ಹೇಳುತ್ತೇನೆ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿಂದ ಟಿಪ್ಪು ಕಾಲದ ಆನೆ ಪೈಸೆಯೊಂದನ್ನು 900 ರೂಪಾಯಿಗೆ ಕೊಂಡಿದ್ದೆ. ಶ್ರೀರಂಗಪಟ್ಟಣದ ಟಂಕಸಾಲೆಯ ತಾಮ್ರದ ನಾಣ್ಯ. ಒಂದು ಬದಿ ಆನೆ, ಅದರ ಮೇಲೆ ವರ್ಷದ ಅಂಕಿ. ಇನ್ನೊಂದು ಬದಿ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಆ ಅಂಕಿಗಳನ್ನು ಗುರುತಿಸುವುದನ್ನು ನಾನು ಆಗಷ್ಟೇ ಕಲಿತಿದ್ದೆ. ಎಡದಿಂದ ಬಲಕ್ಕೆ ಓದಿದಾಗ 8121 ಎಂದು ಬಂತು. ಅಂಥ ವರ್ಷ ಯಾವ ಶಕೆಯಲ್ಲೂ ಇಲ್ಲವಲ್ಲ ಎಂದು ರಕ್ತ ಕುದಿಯಿತು. ಲಿಪಿ ಬಾರದವನು ಯಾರೋ ಅಚ್ಚು ಕೆತ್ತಿದ್ದಾನೆ, ಮೇಷ್ಟ್ರು ಅದನ್ನು ನನಗೆ ದಾಟಿಸಿದ್ದಾರೆ ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಅವರಿಗೆ ಒಂದು ಫೋನ್ ಮಾಡಲಿಲ್ಲ. ಅವರ ಹೆಸರು, ಊರು, ಮೊಬೈಲ್ ಸಂಖ್ಯೆ ಹಾಕಿ, ‘ಈ ವ್ಯಕ್ತಿ ನಕಲಿ ನಾಣ್ಯ ಮಾರುತ್ತಾನೆ, ಯಾರೂ ಮೋಸ ಹೋಗಬೇಡಿ’ ಎಂದು ಬರೆದೆ. ಅರ್ಧ ಗಂಟೆಯಲ್ಲಿ ನಾಲ್ಕು ಗುಂಪುಗಳಿಗೆ ಹೋಯಿತು. ಮೇಷ್ಟ್ರು ಒಂದೇ ಸಾಲು ಬರೆದರು: ‘ನಾಣ್ಯ ಕಳುಹಿಸಿ, ಹಣ ಹಿಂದಿರುಗಿಸುತ್ತೇನೆ.’ ಅದಕ್ಕೆ ಯಾರೋ ಕುಂಬಳಕಾಯಿ ಕಳ್ಳನ ಗಾದೆ ಹಾಕಿದರು. ನಾನು ಅದಕ್ಕೆ ಮೆಚ್ಚುಗೆಯ ಗುರುತು ಒತ್ತಿದೆ. ಅಂದೇ ರಾತ್ರಿ ಅವರು ಗುಂಪು ಬಿಟ್ಟರು.

ಎಂಟು ದಿನಗಳ ನಂತರ ಅನುಭವಿಯೊಬ್ಬರಿಗೆ ಚಿತ್ರ ತೋರಿಸಿದಾಗ ಸತ್ಯ ತಿಳಿಯಿತು. ಟಿಪ್ಪು 1787ರಲ್ಲಿ ಹಿಜರಿ ಗಣನೆಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಗಣನೆ ತಂದ. ಅದರ 1215ನೇ ವರ್ಷದಿಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. ನನ್ನ ನಾಣ್ಯದ 8121 ಎಂದರೆ 1218, ಅಂದರೆ 1790–91. ನಾಣ್ಯ ಅಪ್ಪಟ. ನಾನು ನಕಲಿಯ ಗುರುತು ಎಂದುಕೊಂಡದ್ದು ಅದರ ಅಸಲಿತನಕ್ಕೆ ಒಂದು ಸಾಕ್ಷಿಯಾಗಿತ್ತು.

ನಾಲ್ಕೂ ಗುಂಪುಗಳಲ್ಲಿ ತಪ್ಪೊಪ್ಪಿಗೆ ಹಾಕಿದ್ದೇನೆ. ಆದರೆ ಮೊದಲ ಬರಹ ಅಲ್ಲಿಂದ ಎಲ್ಲೆಲ್ಲಿಗೆ ಹೋಯಿತೋ ಯಾರಿಗೆ ಗೊತ್ತು. ಮೇಷ್ಟ್ರು ಫೋನ್ ಎತ್ತುತ್ತಿಲ್ಲ. ನನ್ನ ಪ್ರಶ್ನೆ ಇದು: ನಾಣ್ಯದ ಮೇಲೆ ಅನುಮಾನ ಬಂದಾಗ ಯಾವ ಕ್ರಮದಲ್ಲಿ ನಡೆದುಕೊಳ್ಳಬೇಕು? ನಿಮ್ಮ ನಿಮ್ಮ ಅನುಭವ ಹೇಳಿ.

---

ಗದ್ಯಾಣ (ಬೆಂಗಳೂರು) – ಭಾನುವಾರ ರಾತ್ರಿ 10:25

ಮೈಲಿಕಾಸು ಅವರೇ, ಬರೆದದ್ದು ಒಳ್ಳೆಯದಾಯಿತು. ಮೂವತ್ತು ವರ್ಷಗಳಿಂದ ಸಂಗ್ರಹ ಮಾಡುತ್ತಿದ್ದೇನೆ, ಇಂಥ ಆರೋಪಗಳನ್ನು ಬಹಳ ಕಂಡಿದ್ದೇನೆ. ಹಿಂದಕ್ಕೆ ಪಡೆದವರನ್ನು ಕಂಡದ್ದು ಕಡಿಮೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ‘ಈ ನಾಣ್ಯ ನಕಲಿ’ ಎಂಬುದು ಲೋಹದ ಕುರಿತ ಮಾತು. ತೂಗಿ, ಅಳೆದು, ಭೂತಗನ್ನಡಿ ಹಿಡಿದು ತೀರ್ಮಾನಿಸಬಹುದು. ‘ಈ ಮನುಷ್ಯ ಮೋಸಗಾರ’ ಎಂಬುದು ಅವನ ಮನಸ್ಸಿನ ಕುರಿತ ಮಾತು. ಅವನಿಗೆ ನಕಲಿ ಎಂದು ಗೊತ್ತಿತ್ತು, ಗೊತ್ತಿದ್ದೂ ಮಾರಿದ ಎಂದು ಹೇಳಿದಂತೆ. ಮೊದಲನೆಯದು ಸಾಬೀತಾದರೂ ಎರಡನೆಯದು ಸಾಬೀತಾಗುವುದಿಲ್ಲ. ನಿಮ್ಮ ವಿಷಯದಲ್ಲಂತೂ ಮೊದಲನೆಯದೇ ಸುಳ್ಳಾಯಿತು. ನನ್ನ ಬಳಿಯೂ ಒಂದು ವರಹವಿದೆ, ಹಳೆಯ ಚಿನ್ನದ ನಾಣ್ಯದಂತೆ ಎರಕ ಹೊಯ್ದ ನಕಲಿ. ನಾನು ಪೂರ್ತಿ ನಂಬುವ ಸ್ನೇಹಿತರು ಕೊಟ್ಟದ್ದು, ಅವರಿಗೂ ಅದು ಹಾಗೆಯೇ ಬಂದದ್ದು. ಅವರನ್ನು ಏನೆಂದು ಕರೆಯಲಿ?

ಇನ್ನೊಂದು. ಹಣ ಹಿಂದಿರುಗಿಸುತ್ತೇನೆ ಎಂದದ್ದನ್ನು ತಪ್ಪೊಪ್ಪಿಗೆ ಎಂದು ಓದಿದಿರಲ್ಲ, ಅದು ನನಗೆ ಹೆಚ್ಚು ನೋವು ತಂದಿತು. ಹಳೆಯ ಕಾಲದ ಸಂಗ್ರಾಹಕರ ನಡುವೆ ಅದು ವಾಡಿಕೆ. ಕೊಂಡವರಿಗೆ ಸಮಾಧಾನವಿಲ್ಲದಿದ್ದರೆ ಕಾರಣ ಕೇಳದೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆವು. ಆ ಮರ್ಯಾದೆಯನ್ನೇ ಅಪರಾಧದ ಗುರುತು ಮಾಡಿದರೆ ನಾಳೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

---

ಒರೆಗಲ್ಲು (ಹುಬ್ಬಳ್ಳಿ) – ಸೋಮವಾರ ಬೆಳಿಗ್ಗೆ 7:15

ಗದ್ಯಾಣ ಸರ್, ನಿಮ್ಮ ಮಾತಿನ ಮೇಲೆ ಗೌರವವಿದೆ. ಆದರೆ ಈ ಎಳೆ ಒಂದೇ ಕಡೆಗೆ ವಾಲುತ್ತಿದೆ. ಮೌನವಾಗಿದ್ದು ಕೆಟ್ಟವಳು ನಾನು, ನನ್ನದನ್ನೂ ಕೇಳಿ.

ಎರಡು ವರ್ಷಗಳ ಹಿಂದೆ ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿ ಕೊಂಡೆ. ಆ ವರ್ಷದ ರೂಪಾಯಿ ಎಷ್ಟು ಅಪರೂಪ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಎರಡು ತಿಂಗಳ ಸಂಬಳ ಕೂಡಿಟ್ಟ ಹಣ ಕೊಟ್ಟೆ. ನಾಣ್ಯ ಬಂದ ಮೇಲೆ 9ರ ಬಾಲ ಸರಿ ಕಾಣಲಿಲ್ಲ. 1938ರ ರೂಪಾಯಿಯ 8ನ್ನು ಕೆತ್ತಿ 9 ಮಾಡುತ್ತಾರೆ ಎಂಬುದು ನಮ್ಮಲ್ಲಿ ಹಳೆಯ ಸುದ್ದಿ. ಮಾರಿದವರಿಗೆ ವಿನಯವಾಗಿ ಬರೆದೆ. ‘ನೋಡೋಣ’ ಎಂದರು. ಮತ್ತೆ ಬರೆದೆ. ನನ್ನ ಸಂಖ್ಯೆಯನ್ನು ತಡೆಹಿಡಿದರು. ಹಿರಿಯರಿಬ್ಬರ ಹತ್ತಿರ ಹೇಳಿಕೊಂಡಾಗ ‘ಗುಂಪಿನಲ್ಲಿ ಗಲಾಟೆ ಬೇಡಮ್ಮ, ಒಳಗೊಳಗೇ ಬಗೆಹರಿಸೋಣ’ ಎಂದರು. ನಾನು ಕಾದೆ. ಆ ಐದು ತಿಂಗಳಲ್ಲಿ ಅದೇ ವ್ಯಕ್ತಿ ಇನ್ನಿಬ್ಬರಿಂದ ಹಣ ಹಾಕಿಸಿಕೊಂಡು ನಾಣ್ಯವನ್ನೇ ಕಳುಹಿಸಲಿಲ್ಲ. ಅವರಲ್ಲಿ ಒಬ್ಬ ಹುಡುಗ ‘ಅಕ್ಕಾ, ನಿಮಗೆ ಮೊದಲೇ ಗೊತ್ತಿತ್ತಂತೆ’ ಎಂದು ಕೇಳಿದ. ಉತ್ತರ ಹೇಳಲು ನನ್ನ ಬಳಿ ಮಾತಿರಲಿಲ್ಲ.

ಮೈಲಿಕಾಸು ಅವರು ದುಡುಕಿದರು, ಒಪ್ಪುತ್ತೇನೆ. ಹಾಗೆಂದು ಬಾಯಿ ಮುಚ್ಚಿಕೊಂಡಿರುವುದನ್ನು ಸಜ್ಜನಿಕೆ ಎನ್ನಬೇಡಿ.

---

ಚಿನಿವಾರ (ದಾವಣಗೆರೆ) – ಸೋಮವಾರ ಬೆಳಿಗ್ಗೆ 11:02

ನಾನು ಮಾರುವವನು, ಇದೇ ನನ್ನ ಅನ್ನ. ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಕಡಿಮೆ ತೂಗಿ, ಅಭ್ಯಂತರವಿಲ್ಲ.

ಮೋಸ ಎಂದರೆ ಮಾರುವವರ ಕಡೆಯಿಂದ ಮಾತ್ರ ಎಂದು ಎಲ್ಲರೂ ಭಾವಿಸಿದ್ದಾರೆ. ವಿಜಯನಗರದ ದೇವರಾಯನ ಆನೆಯ ತಾಮ್ರದ ಕಾಸೊಂದನ್ನು ಮಾರಿದ್ದೆ, ಒಳ್ಳೆಯ ಸ್ಥಿತಿಯದು. ಹತ್ತು ದಿನಕ್ಕೆ ‘ನಕಲಿ’ ಎಂದು ವಾಪಸು ಬಂತು. ಲಕೋಟೆ ಬಿಚ್ಚಿ ನೋಡಿದರೆ ಅದು ನಾನು ಕಳುಹಿಸಿದ ಕಾಸೇ ಅಲ್ಲ. ಯಂತ್ರದಲ್ಲಿ ಒತ್ತಿದ ರೂಪಾಯಿಗಳಂತೆ ಆ ಕಾಲದ ಕಾಸುಗಳು ಒಂದನ್ನೊಂದು ಹೋಲುವುದಿಲ್ಲ. ತಾಮ್ರದ ತುಂಡನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದಿದ್ದಾರೆ. ಪ್ರತಿಯೊಂದರ ಅಂಚು ಬೇರೆ, ಬಿರುಕು ಬೇರೆ, ಚಿತ್ರ ಜಾರಿದ ಬದಿ ಬೇರೆ. ನನ್ನ ಕಾಸಿನಲ್ಲಿ ಆನೆಯ ಸೊಂಡಿಲಿನ ಮುಂದೆ ಅಂಚು ಸೀಳಿತ್ತು, ಬಂದದ್ದರಲ್ಲಿ ಸೀಳಿಲ್ಲ. ನನ್ನ ಬಳಿ ಎರಡೂ ಬದಿಯ ಚಿತ್ರ, ತೂಕ ಎಲ್ಲವೂ ಇದ್ದುದರಿಂದ ಬಚಾವಾದೆ. ಇಲ್ಲದಿದ್ದರೆ ಹಣವೂ ಹೋಗುತ್ತಿತ್ತು, ಹೆಸರೂ ಹೋಗುತ್ತಿತ್ತು.

ಅಂದಿನಿಂದ ನಾನು ತಪ್ಪದೆ ಮಾಡುವುದು: ಎರಡು ಬದಿ ಹಾಗೂ ಅಂಚಿನ ಚಿತ್ರ ತೆಗೆಯುತ್ತೇನೆ, ಗ್ರಾಂನ ನೂರನೇ ಭಾಗದವರೆಗೆ ತೂಗಿ ಬರೆದಿಡುತ್ತೇನೆ, ಲಕೋಟೆ ಮುಚ್ಚುವುದನ್ನು ವಿಡಿಯೊ ಮಾಡುತ್ತೇನೆ. ಕೊಂಡವರೂ ಬಿಚ್ಚುವುದನ್ನು ವಿಡಿಯೊ ಮಾಡಲಿ ಎಂದು ಕೇಳುತ್ತೇನೆ. ಇದರಿಂದ ಬೇಸರ ಮಾಡಿಕೊಂಡವರೂ ಇದ್ದಾರೆ. ಮಾಡಿಕೊಳ್ಳಲಿ.

---

ಆರುಕಾಸು (ಶಿವಮೊಗ್ಗ) – ಸೋಮವಾರ ಸಂಜೆ 6:30

ನಾನು ವಿದ್ಯಾರ್ಥಿ, ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ನನ್ನನ್ನೂ ಕಳ್ಳ ಎಂದಿದ್ದಾರೆ.

ನಮ್ಮ ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ರಾಮನ ಪಟ್ಟಾಭಿಷೇಕದ ಚಿತ್ರವಿದ್ದ ನಾಣ್ಯ ಸಿಕ್ಕಿತು. ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818 ಎಂದಿತ್ತು. ಕಂಪನಿಯ ನಾಣ್ಯವೆಂದೇ ನಂಬಿ 1,500 ರೂಪಾಯಿಗೆ ಮಾರಿದೆ. ಮರುದಿನ ‘ಕಂಪನಿಯವರು ನಾಣ್ಯದ ಮೇಲೆ ಎಂದೂ ದೇವರನ್ನು ಹಾಕಿಲ್ಲ, ನೀನು ಮೋಸಗಾರ’ ಎಂದು ಎಲ್ಲರೆದುರು ಬರೆದರು. ಹಣ ವಾಪಸು ಕೊಟ್ಟೆ. ನನ್ನ ಹೆಸರಿದ್ದ ಬರಹವನ್ನು ಮಾತ್ರ ಇನ್ನೂ ತೆಗೆದಿಲ್ಲ.

---

ಗದ್ಯಾಣ (ಬೆಂಗಳೂರು) – ಸೋಮವಾರ ರಾತ್ರಿ 8:50

ಮಗೂ, ನಿನ್ನ ನಾಣ್ಯ ಕಂಪನಿಯದಲ್ಲ, ಅದು ನಿಜ. ದೇವರ ಮನೆಯಲ್ಲಿಟ್ಟು ಪೂಜಿಸಲೆಂದು ಮಾಡಿದ ಇಂಥ ಬಿಲ್ಲೆಗಳು ಸಂತೆ, ಜಾತ್ರೆಗಳಲ್ಲಿ ರಾಶಿ ರಾಶಿ ಸಿಗುತ್ತವೆ. 1616, 1717, 1818 ಎಂದು ಬಾಯಿಗೆ ಬಂದ ವರ್ಷ ಹಾಕಿರುತ್ತಾರೆ. ಕೆಲವದರ ಮೇಲೆ ಒಂದಾಣೆ ಎಂದೂ ಇರುತ್ತದೆ. ಕಂಪನಿ ತನ್ನ ಆಡಳಿತದ ಎಲ್ಲ ಪ್ರಾಂತ್ಯಗಳಿಗೂ ಒಂದೇ ಬಗೆಯ ನಾಣ್ಯ ತಂದದ್ದು 1835ರಲ್ಲಿ. ನಮ್ಮ ಹಿರಿಯರು ಬಳಸುತ್ತಿದ್ದ ಒಂದಾಣೆಯ ನಿಕ್ಕಲ್ ಮಿಶ್ರ ನಾಣ್ಯ ಬಂದದ್ದು 1907ರಲ್ಲಿ, ಏಳನೇ ಎಡ್ವರ್ಡ್ ಕಾಲದಲ್ಲಿ. ಹೀಗಿರುವಾಗ 1616ರ ಒಂದಾಣೆ ಎಲ್ಲಿಂದ ಬರಬೇಕು? ನೀನು ಮಾರಿದ್ದು ತಪ್ಪು ವಸ್ತು. ಹಣ ಹಿಂದಿರುಗಿಸಿದೆ, ಅಲ್ಲಿಗೆ ಮುಗಿಯಿತು.

ಆದರೆ ನಿನ್ನನ್ನು ಬೈದವರ ಮಾತೂ ತಪ್ಪು, ಇದನ್ನು ಎಲ್ಲರೂ ಗಮನಿಸಬೇಕು. ಕಂಪನಿ ದೇವರನ್ನು ಹಾಕಲೇ ಇಲ್ಲ ಎಂದವರು ಯಾರು? ಮದರಾಸಿನ ಕಂಪನಿ ಟಂಕಸಾಲೆ ಮೂರು ಸ್ವಾಮಿ ವರಹವನ್ನು ಅಚ್ಚು ಹಾಕಿದೆ. ಅದರಲ್ಲಿ ವೆಂಕಟೇಶ್ವರ, ಎರಡೂ ಬದಿಗೆ ದೇವಿಯರು. ಅದೇ ಮದರಾಸಿನಲ್ಲಿ 1807–08ರ ಸುಮಾರಿಗೆ ಗೋಪುರದ ಚಿತ್ರವಿರುವ ಬೆಳ್ಳಿಯ ಅರ್ಧ ವರಹ, ಕಾಲು ವರಹ ಬಂದಿವೆ. ನಮ್ಮ ಹೈದರಾಲಿಯನ್ನೇ ನೋಡಿ. ಇಕ್ಕೇರಿಯವರ ವರಹದ ಮಾದರಿಯಲ್ಲಿ ಒಂದು ಬದಿ ಶಿವಪಾರ್ವತಿ, ಇನ್ನೊಂದು ಬದಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ. ಅದೇ ಬೈಗುಳದವರ ಕೈಗೆ ಈ ವರಹ ಸಿಕ್ಕಿದ್ದರೆ ‘ಮುಸ್ಲಿಂ ಅರಸನ ನಾಣ್ಯದಲ್ಲಿ ಶಿವನೇ? ನಕಲಿ!’ ಎಂದು ಇನ್ನೊಬ್ಬ ಪ್ರಾಮಾಣಿಕನನ್ನು ಬೀದಿಗೆ ಎಳೆಯುತ್ತಿದ್ದರು. ಮೈಲಿಕಾಸು ಅವರ 8121ಕ್ಕೂ ಇದಕ್ಕೂ ಏನು ವ್ಯತ್ಯಾಸ? ಒಂದು ಸಾಮಾನ್ಯ ಸೂತ್ರ ಕಲಿತಿರುತ್ತೇವೆ, ಅದಕ್ಕೆ ಹೊರತಾದದ್ದು ಕಂಡೊಡನೆ ಕಳ್ಳನನ್ನು ಹುಡುಕುತ್ತೇವೆ.

---

ದೂರದ ಕನ್ನಡಿಗ (ಸಿಂಗಪುರ) – ಮಂಗಳವಾರ ಬೆಳಿಗ್ಗೆ 5:55

ಸಣ್ಣದೊಂದು ಅನುಭವ. ಕಂಠೀರವ ನರಸರಾಜ ಒಡೆಯರ ಕಾಲದ ‘ಹಣ’ ಎಂಬ ಪುಟ್ಟ ಚಿನ್ನದ ನಾಣ್ಯವೊಂದಕ್ಕೆ ಮುಂಗಡ ಹಾಕಿ ಇಲ್ಲಿಗೆ ಅಂಚೆಯಲ್ಲಿ ಕಳುಹಿಸಲು ಕೇಳಿದ್ದೆ. ವಿಳಾಸ ನೋಡಿದ ಮೇಲೆ ಮಾರುವವರು ‘ಆಗುವುದಿಲ್ಲ’ ಎಂದರು. ಮಾತು ತಪ್ಪಿದರು, ಹೆಚ್ಚು ಬೆಲೆ ಕೊಡುವವರು ಸಿಕ್ಕಿರಬೇಕು ಎಂದು ಸಿಟ್ಟಿನಲ್ಲಿ ದೊಡ್ಡ ಬರಹವನ್ನೇ ಸಿದ್ಧ ಮಾಡಿದ್ದೆ. ಹಾಕುವ ಮೊದಲು ಕಾರಣ ಕೇಳಿದೆ. ನೂರು ವರ್ಷ ಮೀರಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ ಎಂದು ತಿಳಿಸಿ, ಮುಂಗಡವನ್ನೂ ಹಿಂದಿರುಗಿಸಿದರು. ಒಂದು ಪ್ರಶ್ನೆ ಕೇಳಿದ್ದರಿಂದ ನನ್ನ ಮಾನ ಉಳಿಯಿತು.

---

ನ್ಯಾಯದ ತಕ್ಕಡಿ (ಧಾರವಾಡ) – ಮಂಗಳವಾರ ಮಧ್ಯಾಹ್ನ 2:10

ವಕೀಲ ವೃತ್ತಿಯವನು, ಅಂಚೆಚೀಟಿ ಸಂಗ್ರಾಹಕ. ನಾಣ್ಯದ ವಿಷಯ ನೀವು ಹೇಳಿ, ಕಾನೂನಿನ ವಿಷಯ ನಾನು ಹೇಳುತ್ತೇನೆ.

ವಂಚನೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿಗೆ ಬರುತ್ತದೆ, ಹಿಂದಿನ 420 ಈಗ ಅದರೊಳಗಿದೆ. ಅಲ್ಲಿ ಮೋಸದ ಉದ್ದೇಶ ಮುಖ್ಯ. ತನಗೆ ಗೊತ್ತಿಲ್ಲದೆ ನಕಲಿ ಮಾರಿದವನು ಆ ಕಲಮಿನ ಕೆಳಗೆ ಅಪರಾಧಿಯಲ್ಲ. ಹಣ ಹಿಂದಿರುಗಿಸುವ ಹೊಣೆ ಬೇರೆ ಮಾತು. ಮಾನಹಾನಿ 356ನೇ ಕಲಮು. ಸತ್ಯವಾಗಿದ್ದು ಸಾರ್ವಜನಿಕರ ಹಿತಕ್ಕಾಗಿ ಹೇಳಿದ್ದರೆ ಅದಕ್ಕೆ ವಿನಾಯಿತಿಯಿದೆ. ಸದ್ಭಾವನೆಯಿಂದ ಇನ್ನೊಬ್ಬರನ್ನು ಎಚ್ಚರಿಸುವುದಕ್ಕೂ ಇದೆ. ಆದರೆ ಸದ್ಭಾವನೆ ಎಂದರೆ ಒಳ್ಳೆಯ ಮನಸ್ಸು ಇದ್ದರೆ ಸಾಕು ಎಂದಲ್ಲ, ತಕ್ಕಷ್ಟು ಎಚ್ಚರ ವಹಿಸಿ ವಿಚಾರಿಸಿರಬೇಕು. ಮೇಷ್ಟ್ರನ್ನು ಒಂದು ಮಾತು ಕೇಳದೆ ಬರೆದದ್ದು ಆ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ.

ಒರೆಗಲ್ಲು ಅವರೇ, ಹಣ ಪಡೆದು ನಾಣ್ಯ ಕಳುಹಿಸದವನ ಕತೆ ಬೇರೆ. ಆ ಇಬ್ಬರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟರೇ? ಹಣ ಹೋದ ಕೂಡಲೇ ಕರೆ ಮಾಡಿದರೆ ಅದನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಇರುತ್ತದೆ. ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರ ವಿಷಯದಲ್ಲೂ ಇದೇ ದಾರಿ. ತನ್ನ ಹೆಸರಿನಲ್ಲಿ ಹೀಗೆ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಪೊಲೀಸರಿಗೆ ದೂರು ಕೊಡುವುದು ಗುಂಪಿನಲ್ಲಿ ಹೆಸರು ಕೆಡಿಸಿದಂತಲ್ಲ, ಅದಕ್ಕೆ ಯಾರೂ ಅಂಜಬೇಕಿಲ್ಲ.

---

ಗದ್ಯಾಣ (ಬೆಂಗಳೂರು) – ಮಂಗಳವಾರ ರಾತ್ರಿ 9:05

ಒರೆಗಲ್ಲು ಅವರೇ, ನಿನ್ನೆಯಿಂದ ನಿಮ್ಮ ಮಾತು ಮನಸ್ಸಿನಲ್ಲಿದೆ. ‘ಗಲಾಟೆ ಬೇಡಮ್ಮ’ ಎನ್ನುವ ಹಿರಿಯರ ಸಾಲಿನಲ್ಲಿ ನಾನೂ ಎಷ್ಟೋ ಸಲ ಕುಳಿತಿದ್ದೇನೆ. ನಿಮಗೆ ಆದದ್ದು ಅನ್ಯಾಯ. ನನ್ನಂಥವರು ಗುಂಪಿನ ಶಾಂತಿ ಕಾಯುತ್ತೇವೆ ಎಂದುಕೊಂಡು ಆತನನ್ನು ಕಾದೆವು.

ಬೇಸರವಿಲ್ಲದೆ ಒಂದು ಕೇಳಲೇ? ಆ 1939ರ ರೂಪಾಯಿ ತಿದ್ದಿದ್ದೇ ಎಂದು ನೋಡಿ ಹೇಳಿದವರು ಯಾರು?

---

ಒರೆಗಲ್ಲು (ಹುಬ್ಬಳ್ಳಿ) – ಮಂಗಳವಾರ ರಾತ್ರಿ 10:40

ಕೇಳಿದ್ದಕ್ಕೆ ಬೇಸರವಿಲ್ಲ. ಇಲ್ಲಿನ ಅಂಗಡಿಯವರೊಬ್ಬರು ಕೈಯಲ್ಲಿ ಹಿಡಿದು ‘ಇದು ತಿದ್ದಿದ್ದು’ ಎಂದರು. ಆಮೇಲೆ ಬೆಳ್ಳಿಯ ಬೆಲೆಗೆ ತಾವೇ ಕೊಳ್ಳುತ್ತೇನೆ ಎಂದೂ ಹೇಳಿದರು. ಅದನ್ನು ಈಗ ಬರೆಯುವಾಗ ನನಗೇ ಬೇರೆ ಥರ ಕೇಳಿಸುತ್ತಿದೆ. ಅವರನ್ನು ಬಿಟ್ಟರೆ ಯಾರಿಗೂ ತೋರಿಸಿಲ್ಲ.

ಆತ ನನ್ನ ಎರಡನೇ ಪತ್ರಕ್ಕೆ ಉತ್ತರ ಕೊಡಲಿಲ್ಲ, ಇನ್ನಿಬ್ಬರ ಹಣ ತಿಂದ ಎಂಬುದಕ್ಕೆ ದಾಖಲೆಯಿದೆ. ನನ್ನ ನಾಣ್ಯ ತಿದ್ದಿದ್ದು ಎಂಬುದಕ್ಕೆ ಇಲ್ಲ. ಎರಡನ್ನೂ ಸೇರಿಸಿ ಒಂದೇ ಮಾತಾಗಿ ಹೇಳುತ್ತಾ ಬಂದಿದ್ದೆ.

---

ಚಿನಿವಾರ (ದಾವಣಗೆರೆ) – ಬುಧವಾರ ಬೆಳಿಗ್ಗೆ 8:20

ಮನೆಯಲ್ಲೇ ಮಾಡಬಹುದಾದಷ್ಟು ಮಾಡಿ. 1939ರವರೆಗಿನ ರೂಪಾಯಿ 11.66 ಗ್ರಾಂ, ನೂರಕ್ಕೆ 91.7 ಭಾಗ ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನೊಳಗೆ ಇಳಿಬಿಡಿ. ತಕ್ಕಡಿ 1.13 ಗ್ರಾಂನ ಆಸುಪಾಸು ತೋರಿಸಬೇಕು. ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಎಂಬ ಮಿಶ್ರಲೋಹದಲ್ಲಿ ಎರಕ ಹೊಯ್ದಿದ್ದರೆ ಅಷ್ಟೇ ತೂಕದ ನಾಣ್ಯಕ್ಕೆ 1.3ರ ಮೇಲೆ ಹೋಗುತ್ತದೆ.

ಆದರೆ ಒಂದು ವಿಷಯ ನೆನಪಿರಲಿ. 8ನ್ನು 9 ಮಾಡಿದ್ದರೆ ಅದು ಅಸಲಿ 1938ರ ನಾಣ್ಯವೇ. ತೂಕವೂ ನೀರೂ ಏನನ್ನೂ ಹೇಳುವುದಿಲ್ಲ. ಆಗ 9ರ ಸುತ್ತಲಿನ ಬಯಲನ್ನೇ ನೋಡಬೇಕು. ಉಜ್ಜಿದ ಗೆರೆ ಇದೆಯೇ, ಆ ಜಾಗ ಮಾತ್ರ ತಗ್ಗಾಗಿದೆಯೇ, ಹೊಳಪು ಬೇರೆಯಾಗಿದೆಯೇ. 8ರ ಕೆಳಗಿನ ಸುತ್ತಿನ ಎಡಭಾಗ ಕೆತ್ತಿ ತೆಗೆದ ಕಡೆ ಗುರುತು ಉಳಿದೇ ಉಳಿಯುತ್ತದೆ. ಓರೆ ಬೆಳಕಿನಲ್ಲಿ ಚಿತ್ರ ತೆಗೆದು ಹಾಕಿ.

---

ಮೈಲಿಕಾಸು (ಮೈಸೂರು) – ಗುರುವಾರ ರಾತ್ರಿ 9:15

ಮೇಷ್ಟ್ರ ಊರಿಗೆ ಹೋಗಿ ಬಂದೆ, ಬಸ್ಸಿನಲ್ಲಿ ಎರಡು ಗಂಟೆ. ಬಾಗಿಲು ತೆರೆದವರು ಅವರ ಮನೆಯವರು. ಹೆಸರು ಹೇಳಿದಾಗ ಅವರ ಮುಖ ಬದಲಾಯಿತು. ಆದರೂ ಕೂರಿಸಿ ಕಾಫಿ ಕೊಟ್ಟರು.

ಮೇಷ್ಟ್ರು ಹೆಚ್ಚು ಮಾತನಾಡಲಿಲ್ಲ. ನಾಣ್ಯಗಳು ಅವರ ತಂದೆಯವು, ಶಾನುಭೋಗರಾಗಿದ್ದವರು ಕೂಡಿಟ್ಟದ್ದು. ಅಂಕಿ ತಿರುವುಮುರುವಾಗಿರುವುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ‘ನೀವು ಕೇಳಿದ್ದರೆ ಹೇಳುತ್ತಿದ್ದೆ’ ಎಂದರು, ಅಷ್ಟೇ. ಅವರ ಹಳೆಯ ವಿದ್ಯಾರ್ಥಿಯೊಬ್ಬ ಆ ಬರಹ ಓದಿ ಫೋನ್ ಮಾಡಿ ‘ಹೌದಾ ಸರ್?’ ಎಂದು ಕೇಳಿದ್ದನಂತೆ. ಅವರಿಗೆ ನೋವಾದದ್ದು ಅದರಿಂದ. ಕ್ಷಮೆ ಕೇಳಿದೆ. ‘ಆಯಿತು’ ಎಂದರು. ಗುಂಪಿಗೆ ಮರಳಲು ಒಪ್ಪಲಿಲ್ಲ, ಉಳಿದ ನಾಣ್ಯಗಳನ್ನು ಇನ್ನು ಮಾರುವುದಿಲ್ಲವಂತೆ. ನಾನು ಒತ್ತಾಯಿಸಲಿಲ್ಲ. ಆ ವಿದ್ಯಾರ್ಥಿಯ ಸಂಖ್ಯೆ ಕೇಳಿ ಪಡೆದು, ಅವರೆದುರೇ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

ಆರುಕಾಸು, ನಿನ್ನ ಕುರಿತ ಬರಹ ಇರುವ ಗುಂಪಿನ ನಿರ್ವಾಹಕರಲ್ಲಿ ಒಬ್ಬರು ನನಗೆ ಪರಿಚಿತರು. ನಾಳೆ ಮಾತನಾಡುತ್ತೇನೆ.

---

ಒರೆಗಲ್ಲು (ಹುಬ್ಬಳ್ಳಿ) – ಶುಕ್ರವಾರ ಸಂಜೆ 5:30

ಚಿನಿವಾರ ಅವರು ಹೇಳಿದಂತೆ ಮಾಡಿದೆ. ತೂಕ 11.61. ನೀರಿನಲ್ಲಿ ಮೂರು ಸಲ ನೋಡಿದೆ: 1.12, 1.13, 1.12. ಬೆಳ್ಳಿ ಸರಿಯಿದೆ. ಇಸವಿಯ ಜಾಗದ ನಾಲ್ಕು ಚಿತ್ರ ಹಾಕಿದ್ದೇನೆ, ಎರಡು ಓರೆ ಬೆಳಕಿನವು. ಹೋಲಿಕೆಗೆ ಸ್ನೇಹಿತೆಯ 1938ರ ರೂಪಾಯಿಯನ್ನೂ ಪಕ್ಕದಲ್ಲಿಟ್ಟು ತೆಗೆದಿದ್ದೇನೆ. 9ರ ಎಡಕ್ಕೆ ಮಸುಕಾದ ಗೆರೆಯೊಂದು ಕಾಣುತ್ತಿದೆ. ಕೆತ್ತಿದ್ದೋ, ಸವೆತವೋ ನನಗೆ ತಿಳಿಯುತ್ತಿಲ್ಲ.

ಮಾರಿದವರ ಹೆಸರನ್ನು ಇಲ್ಲಿ ಹಾಕಿಲ್ಲ. ಹಣ ಕಳೆದುಕೊಂಡ ಇಬ್ಬರೂ ದೂರು ಕೊಡಲು ಒಪ್ಪಿದ್ದಾರೆ, ಸಂದೇಶಗಳನ್ನೂ ಹಣ ಕಳುಹಿಸಿದ ರಸೀದಿಗಳನ್ನೂ ಜೋಡಿಸುತ್ತಿದ್ದೇವೆ. ಅದರಲ್ಲಿ ನನ್ನ ನಾಣ್ಯದ ಮಾತನ್ನು ಸೇರಿಸುವುದೋ ಬಿಡುವುದೋ ನಿಮ್ಮ ಉತ್ತರದ ಮೇಲೆ ನಿಂತಿದೆ.

---

ಚಿನಿವಾರ (ದಾವಣಗೆರೆ) – ಶುಕ್ರವಾರ ರಾತ್ರಿ 7:48

ಚಿತ್ರ ನೋಡಿದೆ. ಗೆರೆ ಇದೆ. ಆದರೆ ಅದು ಪಕ್ಕದ 3ರ ಕೆಳಗೂ ಮುಂದುವರಿದಂತೆ ಕಾಣುತ್ತಿದೆ, ಹಾಗಿದ್ದರೆ ಕೆತ್ತಿದ್ದಲ್ಲ. ಬೆಳಕನ್ನು ಬಲಗಡೆಯಿಂದ ಬಿಟ್ಟು ಇನ್ನೊಂದು ಚಿತ್ರ ಬೇಕು. ಸಾಧ್ಯವಾದರೆ ನಾಣ್ಯವನ್ನು ತಲೆಕೆಳಗಾಗಿಟ್ಟು ತೆಗೆಯಿರಿ. ಗದ್ಯಾಣ ಸರ್ ಕೂಡ ನೋಡಿ ಹೇಳಲಿ. ಅಲ್ಲಿಯವರೆಗೆ ನಾನು ಯಾವ ಕಡೆಗೂ ಹೇಳುವುದಿಲ್ಲ.